ಇಂಡಿಗನತ್ತಕ್ಕೆ ಬೇಕಿರೋದು ಜೀಪು ಹತ್ತುವಷ್ಟು ದಾರಿ

ಮಾದಪ್ಪನ ಬೆಟ್ಟಕ್ಕೆ ನಾನು ಚಿಕ್ಕಂದಿನಿಂದ ಹೋಗ್ತಿದ್ದೇನೆ. ಅಪ್ಪನ ಹೆಗಲ ಮೇಲೆ ಕೂತು ತಾಳಬೆಟ್ಟದಿಂದ ಹತ್ತಿದ್ದು ಈಗಲೂ ನೆನಪಿದೆ. ಆದರೆ ದೇವಸ್ಥಾನದ ಹಿಂದಿನ ಮಲೆಗಳಲ್ಲಿ ಊರುಗಳಿವೆ, ಅಲ್ಲಿ ಮಕ್ಕಳು ಮರಿ ಇದ್ದಾರೆ ಅಂತ ಗೊತ್ತಾಗಿದ್ದು ನನಗೆ ಮೂವತ್ತು ದಾಟಿದ ಮೇಲೆ. ನಾಗಮಲೆಗೆ ಹೊರಟಾಗ ದಾರಿಯಲ್ಲಿ ಇಂಡಿಗನತ್ತ ಸಿಕ್ಕಿತು. ಆಮೇಲೆ ಸುಮಾರು ಸಲ ಹೋಗಿದ್ದೇನೆ.

ಒಂದು ಸಲ ಏರಿನಲ್ಲಿ ಒಬ್ಬ ಅಜ್ಜಿ ಮುಂದೆ ಹೋಗ್ತಿದ್ದರು. ತಲೆ ಮೇಲೆ ಸೀರೆ ಸೆರಗಿನ ಸಿಂಬೆ, ಅದರ ಮೇಲೆ ರೇಷನ್ ಅಕ್ಕಿಯ ಚೀಲ. ಕಾಲಲ್ಲಿ ಚಪ್ಪಲಿ ಇಲ್ಲ. "ಕೊಡಿ ಅಜ್ಜಿ, ಸ್ವಲ್ಪ ದೂರ ನಾನು ಹೊರ್ತೀನಿ" ಅಂದೆ.

"ಬ್ಯಾಡ ಕನಪ್ಪ. ಒಂದ್ಸಲ ಇಳಿಸ್ಬುಟ್ರೆ ಮತ್ತೆ ಎತ್ತಾಕೆ ಆಗದಿಲ್ಲ" ಅಂದರು.

ಹಿಂದಿನ ದಿನವೂ ಬಂದಿದ್ದರಂತೆ. ಮಿಷನ್ನು ಹೆಬ್ಬೆಟ್ಟು ತಗೊಳ್ಳಲಿಲ್ಲ. ಬರಿಗೈಲಿ ಹತ್ತಿ, ಬೆಳಗ್ಗೆ ಮತ್ತೆ ಇಳಿದು ಬಂದಿದ್ದರು. ಬೆರಳು ತೋರಿಸಿದರು. ಕಳೆ ಕಿತ್ತು, ಸೌದೆ ಮುರಿದು ಗೆರೆಗಳೇ ಇರಲಿಲ್ಲ, ನುಣ್ಣಗಿತ್ತು. "ಹೊತ್ತು ಮುಳುಗೋದ್ರೊಳಗೆ ಸೇರ್ಕಬೇಕು, ಆನೆ ಬತ್ತವೆ" ಅಂತ ಹೇಳಿ ನಿಲ್ಲದೆ ನಡೆದರು. ನಾನು ಬರಿಗೈಲಿದ್ದೆ. ಆದರೂ ಅವರ ಹಿಂದೆ ನಡೆಯೋಕೆ ಏದುಸಿರು ಬಂತು.

ಇಂಡಿಗನತ್ತ, ತೇಕಾಣೆ, ತುಳಸಿಕೆರೆ, ಪಡಸಲನತ್ತ, ದೊಡ್ಡಾಣೆ, ತೋಕೆರೆ. ಎಲ್ಲವೂ ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕು. ಹೆಚ್ಚಿನವರು ಬೇಡಗಂಪಣರು. ಮಾದಪ್ಪನ ಪೂಜೆ ತಲೆಮಾರುಗಳಿಂದ ಇವರದ್ದೇ. ಪಕ್ಕದ ಮೆಂದಾರೆಯಂಥ ಹಾಡಿಗಳಲ್ಲಿ ಸೋಲಿಗರಿದ್ದಾರೆ. ರಾಗಿ, ಹುರುಳಿ, ಅವರೆ ಬೆಳೀತಾರೆ, ದನ ಸಾಕ್ತಾರೆ. ರಾಗಿ ತೆನೆ ಕಟ್ಟೋ ಹೊತ್ತಿಗೆ ಮನೆಗೊಬ್ಬರು ರಾತ್ರಿಯಿಡೀ ಕಾವಲು ಕಾಯಬೇಕು. ತಮಟೆ ಬಡಿದು, ಬೆಂಕಿ ಹಾಕಿ, ಕೂಗಿ ಕೂಗಿ ಬೆಳಗು ಮಾಡ್ತಾರೆ. ಅಷ್ಟಾದರೂ ಒಂದು ರಾತ್ರಿ ಆನೆ ನುಗ್ಗಿದರೆ ವರ್ಷದ ಅನ್ನ ಹೋಯ್ತು.

ದೀಪಾವಳಿಯಲ್ಲಿ ಹಾಲರವಿ ಉತ್ಸವ ನೋಡಿದ್ದೀರಾ? ಬೇಡಗಂಪಣರ ಮನೆಗಳ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡೊಳಗಿನ ಹಾಲಹಳ್ಳದಿಂದ ತಲೆ ಮೇಲೆ ಕಳಶ ಹೊತ್ತು ಮಾದಪ್ಪನ ಅಭಿಷೇಕಕ್ಕೆ ನೀರು ತರ್ತಾರೆ. ಪುಟ್ಟ ಪುಟ್ಟ ಹುಡುಗಿಯರು. ನಾವೆಲ್ಲ ಫೋನ್ ಎತ್ತಿ ಹಿಡಿದು ವಿಡಿಯೋ ಮಾಡ್ತೀವಿ, ಕೈ ಮುಗೀತೀವಿ. ಉತ್ಸವ ಮುಗಿದ ಮೇಲೆ ಆ ಮಕ್ಕಳು ಎಲ್ಲಿಗೆ ಹೋಗ್ತಾರೆ, ಯಾವ ಸ್ಕೂಲಿಗೆ ಎಷ್ಟು ದೂರ ನಡೀತಾರೆ ಅಂತ ನಾನೂ ಎಷ್ಟೋ ವರ್ಷ ಕೇಳಿರಲಿಲ್ಲ.

ಈ ಕಾಡಿನ ಬಗ್ಗೆ ಬರೆದದ್ದು ಕಡಿಮೆ ಏನಿಲ್ಲ. ಆದರೆ ಬರೆದದ್ದೆಲ್ಲ ವೀರಪ್ಪನ್ ಬಗ್ಗೆ. ಅವನು ಸತ್ತಿದ್ದು 2004ರಲ್ಲಿ. ಇವತ್ತಿಗೂ ಈ ಕಡೆಯವನು ಅಂದ ತಕ್ಷಣ ಜನ ಅವನ ಕಥೆ ಕೇಳ್ತಾರೆ. ಅದೇ ಕಾಡಲ್ಲಿ ಬಸುರಿ ಹೆಂಗಸು ಆಸ್ಪತ್ರೆಗೆ ಹೇಗೆ ಹೋಗ್ತಾಳೆ ಅಂತ ಯಾರೂ ಕೇಳಲ್ಲ.

ಹೇಗೆ ಹೋಗ್ತಾಳೆ ಅಂದ್ರೆ, ಡೋಲಿಯಲ್ಲಿ. ಒಂದು ಗಟ್ಟಿ ಗಳ, ಅದಕ್ಕೆ ಬಟ್ಟೆಯ ಜೋಲಿ, ಹಿಂದೆ ಮುಂದೆ ಹೆಗಲು ಕೊಡೋರು. 2022ರಲ್ಲಿ ದೊಡ್ಡಾಣೆಯ ಗರ್ಭಿಣಿಯೊಬ್ಬರನ್ನು ಹೀಗೇ ರಾತ್ರಿ ಕಾಡುದಾರಿಯಲ್ಲಿ ಸುಮಾರು 8 ಕಿಲೋಮೀಟರ್ ಹೊತ್ತು ಸುಳ್ವಾಡಿಯ ಆಸ್ಪತ್ರೆಗೆ ಸೇರಿಸಿದರು. ಜೊತೆಗೆ ಹೆಂಗಸರೂ ನಡೆದರು. ಅದು ಪೇಪರಿನಲ್ಲಿ ಬಂತು, ಆದ್ದರಿಂದ ನಮಗೆ ಗೊತ್ತಾಯಿತು. ಊರವರನ್ನು ಕೇಳಿದರೆ ಹಾವು ಕಚ್ಚಿದವರು, ಮರದಿಂದ ಬಿದ್ದವರು, ಜ್ವರ ಏರಿದ ಮಕ್ಕಳು ಅಂತ ಬೆರಳು ಮಡಚುತ್ತಾ ಹೋಗ್ತಾರೆ.

ಅರಣ್ಯ ಇಲಾಖೆ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. ಜನ-ವನ ಸಾರಿಗೆ ಅಂತ ಜೀಪುಗಳನ್ನು ಬಿಟ್ಟಿದ್ದು ನಿಜಕ್ಕೂ ಒಳ್ಳೇ ಕೆಲಸ. ಸ್ಕೂಲ್ ಮಕ್ಕಳಿಗೆ, ರೋಗಿಗಳಿಗೆ, ರೇಷನ್‌ಗೆ ಅದರಿಂದ ಅನುಕೂಲ ಆಗಿದೆ. ಆದರೆ ಜೀಪು ಓಡೋಕೆ ದಾರಿ ಬೇಕಲ್ವಾ? ಜೋರು ಮಳೆ ಹುಯ್ದರೆ ಏರಿನ ಮಣ್ಣೆಲ್ಲ ಕೊಚ್ಚಿಹೋಗಿ ಮೊಣಕಾಲುದ್ದ ಕೊರಕಲು ಬೀಳುತ್ತೆ. ಆಗ ಮತ್ತೆ ಡೋಲಿಯೇ ಗತಿ.

2024ರ ಏಪ್ರಿಲ್ 26ರಂದು ಇಂಡಿಗನತ್ತದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಸೌಲಭ್ಯ ಇಲ್ಲ ಅಂತ ಊರವರು ಲೋಕಸಭಾ ಚುನಾವಣೆ ಬಹಿಷ್ಕಾರ ಹಾಕಿದ್ದರು. ಅಧಿಕಾರಿಗಳು ಮನವೊಲಿಸೋಕೆ ಬಂದರು. ಮಾತಿಗೆ ಮಾತು ಬೆಳೆದು ಕಲ್ಲು ತೂರಾಟ ಆಯಿತು, ಮತಯಂತ್ರ ಒಡೆದುಹೋಯಿತು, ಸಿಬ್ಬಂದಿಗೆ ಏಟು ಬಿತ್ತು. ಅದು ತಪ್ಪು. ಡ್ಯೂಟಿ ಮಾಡೋಕೆ ಬಂದವರ ಮೇಲೆ ಕಲ್ಲು ಎಸೆಯೋದನ್ನು ನಾನು ಯಾವತ್ತೂ ಒಪ್ಪಲ್ಲ. ಆದರೆ ಆ ವಾರ ಟಿವಿಯಲ್ಲಿ ಒಡೆದ ಯಂತ್ರವನ್ನು ತೋರಿಸಿದ್ದೇ ತೋರಿಸಿದ್ದು. ಬಹಿಷ್ಕಾರ ಯಾಕೆ ಹಾಕಿದರು ಅನ್ನೋದು ಒಂದು ಸಾಲಿನಲ್ಲಿ ಮುಗೀತು. 29ಕ್ಕೆ ಮರುಮತದಾನ ಇಟ್ಟರು. ಅಷ್ಟೊತ್ತಿಗೆ ಕೆಲವರು ಜೈಲಲ್ಲಿದ್ದರು, ಎಷ್ಟೋ ಜನ ಪೊಲೀಸರಿಗೆ ಹೆದರಿ ಊರು ಬಿಟ್ಟಿದ್ದರು.

ಈ ವಿಷಯ ಬರೆದಾಗಲೆಲ್ಲ ನನಗೆ ಒಂದೇ ಉತ್ತರ ಬರುತ್ತೆ: "ಅವರು ಕೆಳಗೆ ಬಂದುಬಿಡಲಿ, ಕಾಡಾದರೂ ಉಳಿಯುತ್ತೆ." ಹೇಳೋರಲ್ಲಿ ಕಾಡಿನ ಮೇಲೆ ನಿಜವಾದ ಪ್ರೀತಿ ಇರೋರೂ ಇದ್ದಾರೆ, ನನ್ನ ಗೆಳೆಯರೇ ಇದ್ದಾರೆ. ಅವರಿಗೆ ನಾನು ಹೇಳೋದು ಇಷ್ಟು. ಈ ಕಾಡು ವನ್ಯಜೀವಿ ಧಾಮ ಆಗಿದ್ದು 2013ರಲ್ಲಿ, 906 ಚದರ ಕಿಲೋಮೀಟರ್. ಈ ಊರುಗಳು ಅದಕ್ಕಿಂತ ಎಷ್ಟೋ ಹಿಂದಿನವು. ಹೋಗಬೇಕು ಅನ್ನಿಸಿದವರು ಹೋಗಲಿ. ಅದೇ ತಾಲ್ಲೂಕಿನ ಚಂಗಡಿಯವರು ತಾವಾಗಿಯೇ ಸ್ಥಳಾಂತರಕ್ಕೆ ಒಪ್ಪಿದರು, ಅವರಿಗೆ ಕೊಟ್ಟ ಮಾತನ್ನು ಸರ್ಕಾರ ಉಳಿಸಿಕೊಳ್ಳಲಿ. ಆದರೆ ದಾರಿ ಕೊಡದೆ, ಕರೆಂಟು ಕೊಡದೆ, ವರ್ಷಗಟ್ಟಲೆ ಸುಸ್ತು ಮಾಡಿ, ಕೊನೆಗೆ "ಹೋಗ್ತೀರಾ?" ಅಂತ ಕೇಳಿದರೆ ಬರೋ 'ಹೂಂ' ಒಪ್ಪಿಗೆ ಅಲ್ಲ. ಆ ಹೂಂ ಇಟ್ಟುಕೊಂಡು ಕಾಡು ಉಳಿಸಿದೆವು ಅಂತ ಹೇಳಿಕೊಳ್ಳೋಕೆ ನನ್ನ ಮನಸ್ಸು ಒಪ್ಪಲ್ಲ.

ಕಾನೂನೂ ಅಡ್ಡ ನಿಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಓದಿ. ಸ್ಕೂಲು, ಅಂಗನವಾಡಿ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿ, ಕುಡಿಯೋ ನೀರು, ವಿದ್ಯುತ್ ಲೈನು, ರಸ್ತೆ ಎಲ್ಲ ಅದರಲ್ಲಿದೆ. ಒಂದೊಂದು ಕೆಲಸಕ್ಕೆ 1 ಹೆಕ್ಟೇರ್‌ಗಿಂತ ಕಡಿಮೆ ಜಾಗ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯುವಂತಿಲ್ಲ, ಗ್ರಾಮಸಭೆ ಶಿಫಾರಸು ಬೇಕು. ಇಲ್ಲಿ ಹೊಸ ಮರ ಕಡಿಯೋ ಮಾತೇ ಬೇಡ, ದಾರಿ ಈಗಾಗಲೇ ಇದೆ. ಕೊರಕಲು ಮುಚ್ಚಲಿ, ಹಳ್ಳಕ್ಕೆ ಮೋರಿ ಕಟ್ಟಲಿ, ಕಡಿದಾದ ಏರಿನಲ್ಲಿ ಮಾತ್ರ ಎರಡು ಚಕ್ರದ ಅಗಲಕ್ಕೆ ಕಾಂಕ್ರೀಟ್ ಹಾಕಲಿ. ಪ್ರವಾಸಿಗಳ ಕಾರು ನುಗ್ಗುತ್ತೆ ಅನ್ನೋ ಭಯ ನನಗೂ ಇದೆ. ಅದಕ್ಕೆ ಗೇಟು ಹಾಕಲಿ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ನಿಲ್ಲಿಸ್ತಾರೆ, ಆಂಬ್ಯುಲೆನ್ಸ್, ಕೆಲವೇ ಕೆಲವು ಸರ್ಕಾರಿ ಬಸ್ ಮಾತ್ರ ಬಿಡ್ತಾರೆ. ಅಲ್ಲಿ ಆಗೋದು ಇಲ್ಲೂ ಆಗುತ್ತೆ.

ಹೋದ ಸಲ ಹೋದಾಗ ಆ ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಜಗುಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದರು. ಮೂಲೆಯಲ್ಲಿ ಒಂದು ಉದ್ದನೆ ಬಿದಿರುಗಳ ಒರಗಿಸಿಟ್ಟಿದ್ದರು. ಎರಡೂ ತುದಿಯಲ್ಲಿ ಹೆಗಲು ತಾಗಿ ತಾಗಿ ಬಣ್ಣ ತಿರುಗಿತ್ತು. ಬಟ್ಟೆ ಒಣಹಾಕೋಕಾ ಅಂತ ಕೇಳಿದೆ.

"ಇಲ್ಲ ಕನಪ್ಪ. ಸೊಸೆಗೆ ಏಳು ತಿಂಗ್ಳು" ಅಂದರು.