ಮೂವತ್ತಡಿ ದೋಣಿಗೆ ಎರಡು ನಿಂಬೆಹಣ್ಣು

ನಮ್ಮೂರು ಹಿರಿಯೂರು. ಅಲ್ಲಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷದಲ್ಲಿ ಹುಟ್ಟಿ, ಬೆಳೆದು, ಊರು ಬಿಟ್ಟವನು ನಾನು. ತುಂಬಿದ ನೀರನ್ನೇ ನೋಡದ ಇಂಥವನಿಗೆ ಹಾಯಿದೋಣಿಯ ಹುಚ್ಚು ಯಾಕೆ ಹಿಡಿಯಿತು ಅಂತ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಫ್ರೀಮಾಂಟಿನಲ್ಲಿ ನಮ್ಮ ಪಕ್ಕದ ಮನೆಯವನು ಒಂದು ಭಾನುವಾರ ನನ್ನನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಕರೆದೊಯ್ದ. ಹಾಯಿ ಬಿಚ್ಚಿ ಇಂಜಿನ್ ಆಫ್ ಮಾಡಿದ. ದೋಣಿ ಓಡುತ್ತಲೇ ಇತ್ತು. ಎಣ್ಣೆ ಕುಡಿಯದೆ ಓಡುವ ಗಾಡಿ! ಬಯಲುಸೀಮೆಯವನು ಸೋಲದೇ ಇರುತ್ತಾನಾ?

ಬಿಟ್ಟಿ ಗಾಳಿಗೆ ಎಷ್ಟು ದುಡ್ಡು ಬೀಳುತ್ತೆ ಅನ್ನೋದು ಎಕ್ಸೆಲ್ ಶೀಟ್ ಹಾಕಿದ ಮೇಲೆ ಗೊತ್ತಾಯಿತು. ದೋಣಿ ಕಟ್ಟಿ ನಿಲ್ಲಿಸುವ ಜಾಗಕ್ಕೆ ಅಡಿ ಲೆಕ್ಕದಲ್ಲಿ ಬಾಡಿಗೆ. ನೀರಿನಿಂದ ಮೇಲೆತ್ತಿಸಲೂ ಅಡಿ ಲೆಕ್ಕ. 40 ಅಡಿಯದಕ್ಕೆ ಮನೆ ಸಾಲದಂಥ ಸಾಲ ಬೇಕು. 25 ಅಡಿಯದರಲ್ಲಿ ನಾಲ್ಕು ಜನ ಮಲಗಿದರೆ ಬೆಳಗ್ಗೆ ಯಾರ ಕಾಲು ಯಾರದು ಅಂತ ಹುಡುಕಬೇಕು. ಕೊನೆಗೆ 30 ಅಡಿಯ ಹಳೇ ದೋಣಿ ಅಂತ ತೀರ್ಮಾನಿಸಿದೆ. ಆ ಅಳತೆಯಲ್ಲಿ ಕ್ಯಾಟಲೈನಾ 30 ಅಂದರೆ ಇಲ್ಲಿಯ ಮಾರುತಿ 800. ಆರು ಸಾವಿರಕ್ಕೂ ಜಾಸ್ತಿ ಮಾಡಿದ್ದಾರೆ. ಯಾವ ಬಂದರಿಗೆ ಹೋದರೂ ಒಂದಾದರೂ ನಿಂತಿರುತ್ತೆ.

ನನ್ನ ಶೀಟಿನಲ್ಲಿ 42 ಕಾಲಂ ಇದ್ದವು. 70ರ ದಶಕದ ಎಷ್ಟೋ ದೋಣಿಗಳಲ್ಲಿ ಪೆಟ್ರೋಲ್ ಇಂಜಿನ್. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂರುತ್ತೆ. ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷ ಫ್ಯಾನ್ ಹಾಕಿ ಅದನ್ನು ಓಡಿಸಬೇಕು. ಗ್ಯಾಸ್ ಆಫ್ ಮಾಡಲು ಮರೆಯುವ ನಮ್ಮ ಮನೆಗೆ ಅದು ಬೇಡ, ಡೀಸೆಲ್ಲೇ ಸರಿ. ಹಾಯಿಕಂಬವನ್ನು ಎಳೆದು ಹಿಡಿಯುವ ಸ್ಟೀಲ್ ತಂತಿಗಳನ್ನು ಹತ್ತು–ಹದಿನೈದು ವರ್ಷಕ್ಕೊಮ್ಮೆ ಬದಲಾಯಿಸಬೇಕಂತೆ. ಯಾವಾಗ ಬದಲಾಯಿಸಿದ್ದು ಅಂತ ಕೇಳಿದರೆ ಮಾರುವವರೆಲ್ಲ ತಪ್ಪದೆ ಆಕಾಶ ನೋಡುತ್ತಿದ್ದರು.

ಅಷ್ಟರಲ್ಲಿ ಅಪ್ಪ ಬಂದರು, ಆರು ತಿಂಗಳಿಗೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ಹಳ್ಳಿಕಾರ್ ಎತ್ತು ಆರಿಸುತ್ತಿದ್ದವರು. ಹಲ್ಲು, ಗೊರಸು, ಸುಳಿ ಎಲ್ಲ ನೋಡಿ, ಬಾಲ ತಿರುವಿ, ಕೊನೆಗೆ "ಬ್ಯಾಡ" ಅಂದು ಎದ್ದು ಬರುವುದರಲ್ಲಿ ಎತ್ತಿದ ಕೈ.

ಅಲಮೀಡಾದಲ್ಲಿ ನೋಡಿದ ಮೊದಲ ದೋಣಿ ಫಳಫಳ ಹೊಳೆಯುತ್ತಿತ್ತು. ಹೊಸ ಕುಶನ್ನು, ಹೊಸ ಪಾಲಿಶ್ಶು. ನಾನು ಮನಸ್ಸಿನಲ್ಲೇ ಚೆಕ್ ಬರೆದಾಗಿತ್ತು. ಅಪ್ಪ ಸುತ್ತ ಕಣ್ಣಾಡಿಸಿ, "ಜಾತ್ರೆಗೆ ಬರೋ ಮುಂಚೆ ಕೊಂಬಿಗೆ ಎಣ್ಣೆ ಹಚ್ಚವ್ರೆ" ಅಂದರು. ಬ್ರೋಕರ್ ನನ್ನ ಮುಖ ನೋಡಿದ. "ತುಂಬಾ ಚೆನ್ನಾಗಿದೆ ಅಂತಿದ್ದಾರೆ" ಅಂದೆ.

ಹೆಂಡತಿ ಸೀದಾ ಒಲೆ ಹತ್ತಿರ ಹೋದಳು. ದೋಣಿ ವಾಲಿದರೂ ಒಲೆ ವಾಲಬಾರದು ಅಂತ ಅದನ್ನು ಎರಡು ಕಡೆ ತೊಟ್ಟಿಲಿನ ಹಾಗೆ ತೂಗುಹಾಕಿರುತ್ತಾರೆ. ಬ್ಯಾಗಿನಿಂದ ಐದು ಲೀಟರಿನ ಕುಕ್ಕರ್ ತೆಗೆದು ಮೇಲಿಟ್ಟು ತೂಗಿದಳು. ಎರಡನೇ ತೂಗಿಗೇ ಕುಕ್ಕರಿನ ಹಿಡಿ ಗೋಡೆಗೆ ಠಣ್ ಅಂತ ಬಡಿಯಿತು. "ರೀ, ಇದು ಆಗಲ್ಲ." 42 ಕಾಲಮ್ಮಿನಲ್ಲಿ ಕುಕ್ಕರಿಗೆ ಒಂದೂ ಇರಲಿಲ್ಲ.

ನಾನು ಮಾಡಿದ ಪರೀಕ್ಷೆ ಟಾಯ್ಲೆಟ್ಟಿನದು. ದೋಣಿಯವರು ಅದನ್ನು ಹೆಡ್ ಅನ್ನುತ್ತಾರೆ. ನಮ್ಮೂರ ಬೋರ್‌ವೆಲ್ಲಿನ ಹಾಗೆ ಕೈಪಂಪು. ಸಣ್ಣ ಲಿವರ್ ಒಂದು ಕಡೆ ತಿರುಗಿಸಿದರೆ ಸಮುದ್ರದ ನೀರು ಒಳಗೆ ಬರುತ್ತೆ, ಇನ್ನೊಂದು ಕಡೆ ತಿರುಗಿಸಿದರೆ ನಿಲ್ಲುತ್ತೆ. ಒಂದಿಪ್ಪತ್ತು ಸಲ ಪಂಪ್ ಹೊಡೆದು, ಲಿವರ್ ತಿರುಗಿಸದೆ, ಹೆಮ್ಮೆಯಿಂದ ಮೇಲೆ ಬಂದೆ. ಆ ಬೋಗುಣಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿರುತ್ತೆ. ಲಿವರ್ ಮರೆತರೆ ಕೊಲ್ಲಿಯೇ ಒಳಗೆ ಬರಲು ನೋಡುತ್ತೆ. ಹತ್ತು ನಿಮಿಷದಲ್ಲಿ ಹೊಸ ಕುಶನ್ನಿನ ಕೆಳಗೆ ನೀರು. ಬ್ರೋಕರ್ ಆಮೇಲೆ ನಮ್ಮನ್ನು ಕಾಫಿಗೆ ಕರೆಯಲಿಲ್ಲ.

ಎರಡನೆಯದು 1986ರ ದೋಣಿ. ಬಣ್ಣ ಮಾಸಿತ್ತು. ಆದರೆ ಕುಕ್ಕರ್ ಸರಾಗವಾಗಿ ತೂಗಿತು. ಡೀಸೆಲ್ ಇಂಜಿನ್. ಕೊಳ್ಳುವ ಮುಂಚೆ ದೋಣಿ ಪರೀಕ್ಷಿಸುವ ಸರ್ವೇಯರ್ ಕರೆಸಿದೆ. ಅವನ ಫೀಸು ಕೊಳ್ಳುವವನದೇ, ಅದೂ ಅಡಿ ಲೆಕ್ಕ. ದೋಣಿಯನ್ನು ಪಟ್ಟಿಗಳಲ್ಲಿ ಎತ್ತಿ ನೆಲದ ಮೇಲೆ ನಿಲ್ಲಿಸಿದ್ದರು. ಕೀಲ್ ಅನ್ನುವ ಸೀಸದ ರೆಕ್ಕೆ ತಳಕ್ಕೆ ಸೇರುವ ಕಡೆ ಸಣ್ಣ ಬಿರುಕು ಕಂಡರೆ ಇಲ್ಲಿಯವರು ಅದನ್ನು ಸ್ಮೈಲ್ ಅನ್ನುತ್ತಾರಂತೆ. ನಮ್ಮದು ನಗಲಿಲ್ಲ.

ಸರ್ವೇಯರ್ ಪುಟ್ಟ ಪ್ಲಾಸ್ಟಿಕ್ ಸುತ್ತಿಗೆಯಿಂದ ಡೆಕ್ ಬಡಿಯುತ್ತಾ ಹೊರಟ. ಟಕ್, ಟಕ್, ಟಕ್. ಫೈಬರಿನ ಎರಡು ಪದರದ ನಡುವೆ ಹಗುರವಾದ ಬಾಲ್ಸಾ ಮರ ಇರುತ್ತೆ. ಸ್ಕ್ರೂ ತೂತಿನಿಂದ ನೀರು ಇಳಿದರೆ ಅದು ಒಳಗೇ ಕೊಳೆಯುತ್ತೆ. ಮೇಲೆ ನೋಡಿದರೆ ಗೊತ್ತಾಗಲ್ಲ, ಸದ್ದು ಕೇಳಬೇಕು. ಅಪ್ಪ ಅವನ ಹಿಂದೆಯೇ ಬೆರಳ ಗೆಣ್ಣಿನಿಂದ ಬಡಿಯುತ್ತಾ ನಡೆದರು, ಸಂತೆಯಲ್ಲಿ ತೆಂಗಿನಕಾಯಿ ಆರಿಸುವ ಹಾಗೆ. ಹಾಯಿಕಂಬದ ಹತ್ತಿರ ನಿಂತುಬಿಟ್ಟರು. "ಲೋ, ಇಲ್ಲಿ ಒಡಕು ಮಡಕೆ ಸದ್ದು." ಸರ್ವೇಯರ್ ವಾಪಸ್ ಬಂದು ಬಡಿದ. ದಬ್. ತೇವ ಅಳೆಯುವ ಮೀಟರ್ ಇಟ್ಟ. ಮುಳ್ಳು ಕೊನೆಗೆ ಹೋಗಿ ನಿಂತಿತು. ಅಪ್ಪನಿಗೆ ಕೈ ಕುಲುಕಿ ಏನೋ ಹೇಳಿದ. ಅಪ್ಪನಿಗೆ ಇಂಗ್ಲಿಷ್ ಬರದು, ಆದರೂ ತಲೆ ಆಡಿಸಿದರು.

ಎರಡು ಚದರಡಿ ರಿಪೇರಿ. ಅದನ್ನು ಹಿಡಿದುಕೊಂಡು ಬೆಲೆ ಇಳಿಸಿದೆವು. ಅಪ್ಪ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡೋಣ ಅಂದರು. ನಾನು ಇಮೇಲಿನಲ್ಲೇ ಮುಗಿಸಿದೆ.

ಪೂಜೆಯ ದಿನ ಅಪ್ಪ ಎರಡು ನಿಂಬೆಹಣ್ಣು ಹಿಡಿದು ದೋಣಿಯ ಸುತ್ತ ನೋಡಿದರು. ಗಾಲಿ ಎಲ್ಲಿ? ಕಾಯಿ ಒಡೆಯಲು ಜಾಗ ಹುಡುಕುತ್ತಿದ್ದಾಗ ಬಂದರಿನ ಆಳು ಓಡಿ ಬಂದ. ಕಾಯಿ ಮನೆಗೆ ವಾಪಸ್ ಹೋಯಿತು, ಚಟ್ನಿಯಾಯಿತು. ನಿಂಬೆಹಣ್ಣನ್ನು ಕೊನೆಗೆ ಒಳಗೆ ನೆಲದ ಮೇಲೆ ಇಟ್ಟರು. ಎರಡೂ ನಿಧಾನಕ್ಕೆ ಉರುಳಿ ಎಡಗೋಡೆಗೆ ತಾಗಿ ನಿಂತವು. ಮತ್ತೆ ನಡುವೆ ಇಟ್ಟರು. ಮತ್ತೆ ಎಡಕ್ಕೇ.

"ಎಡಕ್ಕೆ ವಾಲ್ತೈತೆ ಕಣೋ" ಅಂದರು ಅಪ್ಪ.

ನನ್ನ ಎದೆ ಧಸಕ್ಕೆಂದಿತು. ಕೀಲ್, ತಂತಿ, ಟ್ಯಾಂಕು, ಎಲ್ಲ ಕಣ್ಣ ಮುಂದೆ ಬಂತು. ಹೆಂಡತಿ ಮಾತಾಡದೆ ಎಡಗಡೆಯ ಸೀಟಿನ ಮುಚ್ಚಳ ತೆಗೆದಳು. ಕುಕ್ಕರ್, ಸ್ಟೀಲ್ ಡಬ್ಬಗಳು, ಇಡ್ಲಿ ಪಾತ್ರೆ, ಪಕ್ಕದಲ್ಲಿ ಎರಡು ಮೂಟೆ ಸೋನಾ ಮಸೂರಿ. ಒಂದು ಮೂಟೆ ಬಲಕ್ಕೆ ಎಳೆದು ಹಾಕಿದಳು.

ಒಂದು ನಿಂಬೆಹಣ್ಣು ನಡುವೆ ನಿಂತಿತು. ಇನ್ನೊಂದು ಹೆಡ್ ಕಡೆ ಉರುಳಿತು.