ಆಲಿಕಲ್ಲು ಮಳೆಗೆ ಮುಂಚೆ ಟ್ಯಾಂಕ್ ತುಂಬಿಸಿ, ಇನ್ವರ್ಟರ್ ಆಮೇಲೆ

ಏಪ್ರಿಲ್ ಬಂತು ಅಂದರೆ ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಲ್ಲರದ್ದೂ ಒಂದೇ ಪ್ರಶ್ನೆ: ಯಾವ ಇನ್ವರ್ಟರ್ ತಗೊಳ್ಳೋದು? ಸಂಜೆ ನಾಲ್ಕರ ಹೊತ್ತಿಗೆ ಮೋಡ ಕಟ್ಟಿ, ಗಾಳಿ ಎದ್ದು, ಆಲಿಕಲ್ಲು ಸುರಿದು, ನೀಲಗಿರಿ ಕೊಂಬೆ ಲೈನಿನ ಮೇಲೆ ಬಿತ್ತೆಂದರೆ ಕರೆಂಟ್ ಬರೋದು ರಾತ್ರಿಯೋ, ಮಾರನೇ ದಿನವೋ. ನಿಜ. ಆದರೆ ನಮ್ಮ ಬಯಲುಸೀಮೆಯಲ್ಲಿ ಮೊದಲು ಕೈಕೊಡೋದು ಬೆಳಕಲ್ಲ, ನೀರು. ಸಾವಿರ ಅಡಿ ಬೋರ್‌ವೆಲ್ ನಂಬಿಕೊಂಡ ಊರಲ್ಲಿ ದುಬಾರಿ ಬ್ಯಾಟರಿ ತಂದಿಟ್ಟು, ಮಾಳಿಗೆ ಮೇಲಿನ ಟ್ಯಾಂಕ್ ಅರ್ಧ ಖಾಲಿ ಬಿಟ್ಟರೆ ಏನು ಬಂತು?

ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ನಾಲ್ಕು ಜನರ ಮನೆಗೆ 220. 1,000 ಲೀಟರ್ ಟ್ಯಾಂಕ್ ತುಂಬಿದ್ದರೆ ನಾಲ್ಕು ದಿನ ತಳ್ಳಬಹುದು. ಕರೆಯೋ ಸೀಮೆಹಸು ಇದ್ದರೆ ಆ ಲೆಕ್ಕ ನಿಲ್ಲಲ್ಲ, ಬೇಸಿಗೆಯಲ್ಲಿ ಅದೊಂದಕ್ಕೇ ದಿನಕ್ಕೆ 80 ಲೀಟರ್ ಬೇಕಾಗುತ್ತೆ. ಸಂಪಿನಲ್ಲಿ ನೀರಿದೆಯಲ್ಲ ಅಂತ ಸುಮ್ಮನಿರಬೇಡಿ. 1 ಎಚ್‌ಪಿ ಮೋಟರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ಮನೆಯ 900 ವಿಎ ಇನ್ವರ್ಟರ್ ಓವರ್‌ಲೋಡ್ ಅಂತ ಕೂಗಿ ನಿಂತುಬಿಡುತ್ತೆ. ಹಗ್ಗ, ಬಕೆಟ್ ಇಟ್ಟುಕೊಂಡಿರಿ.

ತುಂಬಿದ ಟ್ಯಾಂಕನ್ನೂ ಖಾಲಿ ಮಾಡುವ ಒಂದು ದಾರಿ ಇದೆ: ಸೋಲಾರ್ ವಾಟರ್ ಹೀಟರ್. ಗಾಜಿನ ಟ್ಯೂಬಿನ ಹೀಟರ್‌ನಲ್ಲಿ ದಪ್ಪ ಆಲಿಕಲ್ಲಿಗೆ ಒಂದೇ ಒಂದು ಟ್ಯೂಬ್ ಒಡೆದರೂ ಆ ತೂತಿನಿಂದ ಬಿಸಿನೀರೆಲ್ಲ ಹೋಗುತ್ತೆ, ಹಿಂದೆಯೇ ಓವರ್‌ಹೆಡ್ ಟ್ಯಾಂಕಿನ ತಣ್ಣೀರೂ ಇಳಿಯುತ್ತೆ. ಕತ್ತಲಲ್ಲಿ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಹೀಟರ್‌ಗೆ ಹೋಗುವ ತಣ್ಣೀರಿನ ಪೈಪಿನ ವಾಲ್ವ್ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ, ಮೋಡ ಕಟ್ಟಿದ ತಕ್ಷಣ ತಿರುಗಿಸಿ ಮುಚ್ಚಿಬಿಡಿ. ಮಳೆ ನಿಂತ ಮೇಲೆ ಟ್ಯೂಬ್ ನೋಡಿ, ಆಮೇಲೆ ತೆರೆಯಿರಿ. ಖಾಲಿಯಾದ ಹೀಟರ್‌ಗೆ ಬಿಸಿಲೇರಿದ ಮೇಲೆ ನೀರು ಬಿಡಲೇಬೇಡಿ. ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಉಳಿದವೂ ಚಟಾರ್ ಅಂತ ಸೀಳುತ್ತವೆ. ಬೆಳಗ್ಗೆ ಸೂರ್ಯ ಹುಟ್ಟುವ ಮುಂಚೆ ತುಂಬಿಸಿ.

ಇನ್ವರ್ಟರ್ ಬೇಡ ಅಂತಲ್ಲ. 12 ವೋಲ್ಟ್, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬಸಿಯಬಾರದು, ಇನ್ವರ್ಟರೂ ಒಂದಿಷ್ಟು ತಿನ್ನುತ್ತೆ, ಕೈಗೆ ಸಿಗೋದು ಸುಮಾರು 1,200. 75 ವ್ಯಾಟಿನ ಎರಡು ಹಳೇ ಫ್ಯಾನ್, 9 ವ್ಯಾಟಿನ ಮೂರು ಬಲ್ಬಿಗೆ ಆರೂವರೆ, ಏಳು ಗಂಟೆ. ಅದೇ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಹದಿಮೂರು ಗಂಟೆ ದಾಟುತ್ತೆ. ಎರಡನೇ ಬ್ಯಾಟರಿಗಿಂತ ಎರಡು ಫ್ಯಾನ್ ಬದಲಾಯಿಸೋದು ಅಗ್ಗ, ಆದರೆ ಅಂಗಡಿಯವರು ಇದನ್ನ ತಾವಾಗಿ ಹೇಳೋದು ಕಡಿಮೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರೇ ಹಾಕಿ. ನಮ್ಮ ಬೋರ್ ನೀರಿನ ಉಪ್ಪಿನಂಶ ಪ್ಲೇಟ್ ಹಾಳುಮಾಡುತ್ತೆ.

ಮನೆಯ ಸಾಮಾನು ಸುಡೋದು ಬಹಳ ಸಲ ಕರೆಂಟ್ ಹೋದಾಗಲ್ಲ, ಬಂದಾಗ. ಗಾಳಿಗೆ ಕಂಬದ ಮೇಲೆ ನ್ಯೂಟ್ರಲ್ ತಂತಿ (ಕರೆಂಟ್ ವಾಪಸ್ ಹೋಗೋ ತಂತಿ) ಕಿತ್ತಿದ್ದರೆ ವೋಲ್ಟೇಜ್ ಫೇಸ್‌ಗಳ ಲೋಡಿನ ಮೇಲೆ ಹಂಚಿಹೋಗುತ್ತೆ. ಲೋಡ್ ಜಾಸ್ತಿ ಇರೋ ಫೇಸಿನ ಮನೆಗಳಲ್ಲಿ ಬಲ್ಬ್ ಮಂಕು, ಕಡಿಮೆ ಇರೋ ಕಡೆ 230ರ ಜಾಗದಲ್ಲಿ 300 ವೋಲ್ಟ್ ದಾಟಬಹುದು. ಎಂಸಿಬಿ (ಬೋರ್ಡಿನಲ್ಲಿ ತಾನಾಗಿ ಟ್ರಿಪ್ ಆಗೋ ಸ್ವಿಚ್) ಇದನ್ನ ತಡೆಯಲ್ಲ, ಅದಕ್ಕೆ ತಿಳಿಯೋದು ಕರೆಂಟಿನ ಪ್ರಮಾಣ, ವೋಲ್ಟೇಜಲ್ಲ. ಕರೆಂಟ್ ಹೋದ ಕೂಡಲೇ ಫ್ರಿಜ್, ಟಿವಿ, ಮೋಟರ್, ಇನ್ವರ್ಟರಿನ ಇನ್‌ಪುಟ್ ಎಲ್ಲ ಆಫ್ ಮಾಡಿ, ಇನ್ವರ್ಟರ್‌ಗೆ ಸೇರದ ಒಂದೇ ಒಂದು ಹಳೇ ಫಿಲಮೆಂಟ್ ಬಲ್ಬ್ ಆನ್ ಇಡಿ. ಬಂದ ಮೇಲೆ ಹತ್ತು ನಿಮಿಷ ಆ ಬಲ್ಬ್ ನೋಡಿ. ಮಂಕಾಗೋದು, ಕಣ್ಣು ಕುಕ್ಕೋದು, ಮಿಣುಕೋದು ಕಂಡರೆ ಮೇನ್ ಆಫ್ ಮಾಡಿ. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೇದು, 207ರಿಂದ 253ರೊಳಗೆ ಇರಬೇಕು. ತೋಟದವರು ಆಲಿಕಲ್ಲು ದಿನ ಆಟೋ ಸ್ಟಾರ್ಟರ್ ಬಂದ್ ಮಾಡಿ. ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಒಂದು ಫ್ಯೂಸ್ ಹೋಗಿ ಎರಡೇ ಫೇಸ್ ಬಂದರೆ, ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸೋ ಸಾಧನ) ಇಲ್ಲದ ತ್ರೀ ಫೇಸ್ ಮೋಟರಿನ ವೈಂಡಿಂಗ್ ಸುಟ್ಟುಹೋಗುತ್ತೆ. ಸಾವಿರ ಅಡಿಯಿಂದ ಪೈಪ್ ಸಮೇತ ಎತ್ತಿಸೋ ಖರ್ಚು ಗೊತ್ತಿದ್ದವರಿಗೆ ಗೊತ್ತು.

ಮಾಳಿಗೆ ಮೇಲೆ ಆನ್-ಗ್ರಿಡ್ (ಬೆಸ್ಕಾಂ ಲೈನಿಗೆ ಸೇರಿರೋ) ಸೋಲಾರ್ ಹಾಕಿಸಿದವರು ಕರೆಂಟ್ ಚಿಂತೆ ಮುಗೀತು ಅಂದ್ಕೊಂಡಿರ್ತಾರೆ. ಇಲ್ಲ. ಲೈನಿನಲ್ಲಿ ಕರೆಂಟ್ ಹೋದರೆ ಅದೂ ತಾನಾಗಿ ನಿಲ್ಲುತ್ತೆ, ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆ ಕರೆಂಟ್ ಹೊಡೆಯದಿರಲಿ ಅಂತಲೇ ಹಾಗೆ ಮಾಡಿರೋದು. ಅದೇ ಕಾರಣಕ್ಕೆ, ಜನರೇಟರನ್ನ ಎರಡೂ ಕಡೆ ಪ್ಲಗ್ ಇರೋ ವೈರಿನಿಂದ ಗೋಡೆಯ ಸಾಕೆಟ್‌ಗೆ ಸಿಕ್ಕಿಸಬೇಡಿ. ಅದು ಸೀದಾ ಒಬ್ಬರ ಜೀವ ತೆಗೆಯೋ ಕೆಲಸ. ಲೈನ್ ಇಲ್ಲವೇ ಜನರೇಟರ್, ಒಂದಕ್ಕೇ ಮನೆಯನ್ನ ಸೇರಿಸೋ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಜನರೇಟರ್ ಮನೆ ಹೊರಗೆ, ಕಿಟಕಿಯಿಂದ ದೂರ ಇರಲಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಹಿಮ ಬಿದ್ದು ಕರೆಂಟ್ ಹೋದಾಗ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೂ ಜನ ಸತ್ತರು. ಈ ಅನಿಲಕ್ಕೆ ವಾಸನೆಯೇ ಇಲ್ಲ.

ಫ್ರಿಜ್ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಂಪು ಹಿಡಿಯುತ್ತೆ. ಹಾಲು ಮೊದಲೇ ಕಾಯಿಸಿಬಿಡಿ.

ತಂತಿ ನೆಲಕ್ಕೆ ಬಿದ್ದಿದ್ದರೆ, ಒದ್ದೆ ನೆಲದಲ್ಲಿ ಹತ್ತಿರವೂ ಹೋಗಬೇಡಿ, ದನ ಬಿಡಬೇಡಿ. ಬೆಸ್ಕಾಂ 1912ಕ್ಕೆ ಫೋನ್ ಮಾಡಿ. ಬಿಲ್ಲಿನ ಫೋಟೋ ಮೊಬೈಲಿನಲ್ಲಿದ್ದರೆ ಅಕೌಂಟ್ ನಂಬರ್ ಹುಡುಕೋದು ತಪ್ಪುತ್ತೆ, ಟಿಸಿ ಎಲ್ಲಿದೆ ಅಂತ ಗುರುತು ಹೇಳಿ, ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.