ಸೂರ್ಯವಂಶದವರ ಪರವಾಗಿ

ತಡವಾಗಿ ಏಳುವವರನ್ನು ಸೂರ್ಯವಂಶದವರು ಅಂತ ಆಡಿಕೊಳ್ಳುತ್ತಾರಲ್ಲ, ನಾನು ಅದೇ ವಂಶದವಳು. ಇದು ಸೋಮಾರಿತನ ಅಲ್ಲ ಅಂತ ಧೈರ್ಯವಾಗಿ ಹೇಳಲು ನನಗೆ ನಲವತ್ತು ದಾಟಬೇಕಾಯಿತು.

ಹೋದ ವರ್ಷ ಯಾವುದೋ ವಿಡಿಯೊ ನೋಡಿ ಬೆಳಿಗ್ಗೆ 5ಕ್ಕೆ ಏಳುವ ಶಪಥ ಮಾಡಿದೆ. ಮೂರು ವಾರ ಎದ್ದೆ ಕೂಡ, ಸುಳ್ಳು ಹೇಳಲ್ಲ. ಪುಸ್ತಕ ತೆರೆದು ಒಂದೇ ಪ್ಯಾರಾವನ್ನು ನಾಲ್ಕು ಸಲ ಓದಿದೆ. ಅಡಿಗೆರೆ ಹಾಕುತ್ತಿದ್ದ ಪೆನ್ಸಿಲ್ ತೂಕಡಿಕೆಯಲ್ಲಿ ಪುಟದ ತುದಿಯವರೆಗೂ ಜಾರಿತ್ತು. ಆ ಸೊಟ್ಟ ಗೆರೆ ಈಗಲೂ ಇದೆ. ಅದೇ ಪ್ಯಾರಾ ರಾತ್ರಿ 11ಕ್ಕೆ ಒಂದೇ ಓದಿಗೆ ತಲೆಗೆ ಹತ್ತಿತು.

ಮಿದುಳಿನಲ್ಲಿ, ಎರಡು ಕಣ್ಣುಗಳ ನರ ಸೇರುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪಿದೆ. ಅದೇ ನಮ್ಮ ಗಡಿಯಾರ. ನಿದ್ದೆ ಯಾವಾಗ, ಮೈ ಬಿಸಿ ಇಳಿಯುವುದು ಯಾವಾಗ ಅನ್ನುವುದೆಲ್ಲ ಅದರ ತಾಳಕ್ಕೇ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಯುವಕ ವಾಚ್ ಇಲ್ಲದೆ ಎರಡು ತಿಂಗಳು ಗುಹೆಯೊಳಗೆ ಒಬ್ಬನೇ ಇದ್ದ. ಸಮಯ ಮುಗಿಯಿತು ಅಂತ ಕರೆದಾಗ ಹೊರಗೆ ಸೆಪ್ಟೆಂಬರ್ 14. ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20! ಮನಸ್ಸಿನ ಲೆಕ್ಕ ಅಷ್ಟು ತಪ್ಪಿದ್ದರೂ ಮೈ ಮಾತ್ರ 24 ಗಂಟೆ ಚಿಲ್ಲರೆಗೆ ಒಂದು ಸುತ್ತಿನಂತೆ ಮಲಗಿ ಎದ್ದಿತ್ತು.

ತಕರಾರೆಲ್ಲ ಆ ಚಿಲ್ಲರೆಯಲ್ಲೇ ಇದೆ. ಹೆಚ್ಚಿನವರ ಗಡಿಯಾರ 24 ಗಂಟೆಗಿಂತ ಸ್ವಲ್ಪ ನಿಧಾನ. ಬೆಳಗಿನ ಬೆಳಕು ದಿನಾ ಅದನ್ನು ಮುಂದಕ್ಕೆ ತಳ್ಳಿ ಸರಿಮಾಡುತ್ತದೆ. ಕೆಲವರದ್ದು ಬೇಗ ಓಡುತ್ತದೆ, ಕೆಲವರದ್ದು ಎಳೆಯುತ್ತದೆ, ಇದರಲ್ಲಿ ವಂಶವಾಹಿಯ ಪಾಲೂ ಇದೆ. ಅಂದರೆ ವಂಶ ಅನ್ನುವ ಮಾತು ಪೂರ್ತಿ ತಮಾಷೆಯಲ್ಲ! ಹಣ್ಣಿನ ನೊಣದಲ್ಲಿ ಇಂಥ ವಂಶವಾಹಿಗಳ ಕೆಲಸ ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಹಾಗಂತ ನಾನೂ ಸಾಚಾ ಅಲ್ಲ. ಮಧ್ಯರಾತ್ರಿ ಮುಖದ ಮುಂದೆ ಫೋನ್ ಹಿಡಿದರೆ ಆ ಬೆಳಕಿಗೇ ಗಡಿಯಾರ ಇನ್ನಷ್ಟು ತಡವಾಗುತ್ತದೆ. ಅಷ್ಟು ತಪ್ಪು ನನ್ನದು, ಒಪ್ಪಿದೆ.

ಆದರೆ ಬೇಗ ಏಳುವುದನ್ನೇ ದೊಡ್ಡ ಗುಣ ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಹದಿಹರೆಯದಲ್ಲಿ ಗಡಿಯಾರ ತಡಕ್ಕೆ ಸರಿಯುತ್ತದೆ, ವಯಸ್ಸಾದಂತೆ ಮತ್ತೆ ಬೇಗಕ್ಕೆ ಬರುತ್ತದೆ. ನಾಲ್ಕೂವರೆಗೇ ಕಣ್ಣು ಬಿಡುವ ಅಜ್ಜ ಎಂಟಾದರೂ ಏಳದ ಮೊಮ್ಮಗನನ್ನು ಬೈಯುವುದು ಅಂದರೆ, ಒಂದು ಗಡಿಯಾರ ಇನ್ನೊಂದನ್ನು ಬೈದಂತೆ, ಅಲ್ವಾ? ಆ ವಯಸ್ಸಿನ ಮಕ್ಕಳನ್ನು ಬೆಳಿಗ್ಗೆ ಏಳಕ್ಕೇ ಗಣಿತಕ್ಕೆ ಕೂರಿಸುವುದಂತೂ ಸುಮ್ನೆ ಹಿಂಸೆ.

ನನ್ನ ಮಗನಿಗೆ ಹದಿನಾರು. ಮೊದಲೆಲ್ಲ ಹೊದಿಕೆ ಎಳೆದು ಎಬ್ಬಿಸುತ್ತಿದ್ದೆ, ಇಬ್ಬರಿಗೂ ಅಲ್ಲಿಂದಲೇ ಜಗಳ ಶುರು. ಈಗ ಕಿಟಕಿಯ ಪರದೆ ಸರಿಸಿ ಸುಮ್ಮನೆ ಬಂದುಬಿಡುತ್ತೇನೆ. ಬಿಸಿಲು ಮುಖದ ಮೇಲೆ ಬೀಳುತ್ತದೆ. ಅವನು ಗೊಣಗುತ್ತಾ ಗೋಡೆ ಕಡೆ ತಿರುಗುತ್ತಾನೆ. ಹತ್ತು ನಿಮಿಷಕ್ಕೆ ತಾನಾಗೇ ಎದ್ದು ಬರುತ್ತಾನೆ, ಮಾತು ಮಾತ್ರ ಒಂಬತ್ತರ ನಂತರವೇ. ಅಷ್ಟು ಹೊತ್ತಿಗೆ ಮೊದಲು ನನಗೂ ಮಾತು ಹೊರಡುವುದಿಲ್ಲ ಬಿಡಿ.